ಪಿ.ಎ. ಬರೆದ ಮಾತ್ರೆ

ಅಂಬವ್ವನ ಮೈಯಲ್ಲಿ ಮಾರ್ಫಿನ್ ಇರಲಿಲ್ಲ.

ಇರಬೇಕಿತ್ತು. ಎರಡು ಹೊತ್ತೂ ಮಾತ್ರೆ ನುಂಗುತ್ತಿದ್ದರೆಂದು ಮನೆಯವರೆಲ್ಲ ಹೇಳಿದರು. ಡೋಸು ಎರಡು ಸಲ ಏರಿತ್ತು. ಅಷ್ಟು ಮಾರ್ಫಿನ್ ತಿಂದವರು ಹಲ್ಲು ಕಚ್ಚಿಕೊಂಡು ನರಳುತ್ತ ಆಂಬುಲೆನ್ಸಿನಲ್ಲಿ ಬರುವುದಿಲ್ಲ. ವಾಲ್‌ನಟ್ ಕ್ರೀಕ್ ಆಸ್ಪತ್ರೆಯ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು. ನಂಬಿಕೆ ಬಾರದೆ ಇನ್ನೊಮ್ಮೆ ಮಾಡಿಸಿದರು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದರು.

ಬಂದವಳು ಅಂಬವ್ವನ ಮನೆಯಿರುವ ಡ್ಯಾನ್‌ವಿಲ್‌ನ ಡಿಟೆಕ್ಟಿವ್ ಗಾರ್ಗಿ. ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಇಲ್ಲಿ. ಕನ್ನಡ ಬರುತ್ತದೆಂದು ಮೇಲಧಿಕಾರಿ ಅವಳನ್ನೇ ಅಟ್ಟಿದ್ದ. ಅಮ್ಮ ಹೋದ ಮೇಲೆ ಆ ಕನ್ನಡ ಅವಳ ಬಾಯಲ್ಲೇ ಬೀಗ ಹಾಕಿಕೊಂಡು ಕೂತಿತ್ತು.

"ಮಾರ್ಫಿನ್ ಎಲ್ಲಿ ಹೋಯ್ತು ಅಂತ ಗೊತ್ತಾಗೋವರೆಗೆ ಇವರನ್ನ ಮನೆಗೆ ಕಳಿಸೋಕಾಗಲ್ಲ," ಎಂದರು ಡಾಕ್ಟರು ಇಂಗ್ಲಿಷಿನಲ್ಲಿ. "ಕ್ಯಾನ್ಸರ್ ಮೂಳೆಗೆ ಇಳಿದಿದೆ. ಇರೋದು ಕೆಲವೇ ವಾರ. ಮಾತ್ರೆ ಕದಿಯೋ ಮನೆಗೆ ಮತ್ತೆ ಮಾತ್ರೆ ಹೇಗೆ ಕೊಡಲಿ?"

ಅಂಬವ್ವ ಕೇಳುತ್ತಿದ್ದುದು ಒಂದೇ. ಕಣ್ಣು ತೆರೆದಾಗಲೆಲ್ಲ ಅದನ್ನೇ. "ಮನೀಗೆ ಕರಕೊಂಡು ಹೋಗ್ರಿ."

ಹೊರಗೆ ಬೆಂಚಿನ ಮೇಲೆ ಮಗಳು ಆರತಿ ಕೂತಿದ್ದಳು. ಹುಬ್ಬಳ್ಳಿಯ ಹುಡುಗಿ, ಮದುವೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಅಳುವಾಗ ಹುಬ್ಬಳ್ಳಿಯೇ ಬರುತ್ತದೆ.

"ಮಾತ್ರೆ ಕೊಡೋದು ಯಾರು?" ಗಾರ್ಗಿ ಕೇಳಿದಳು.

"ನಮ್ಮಪ್ಪಾರ ಕೊಡ್ತಾರ್ರಿ. ನಾನೂ ನೋಡೀನಿ. ನೇರಳಿ ಮಾತ್ರಿ ಅವ್ವನ ಬಾಯಾಗ ಇಟ್ಟು ನೀರು ಕುಡಸ್ತಾರ. ಡೇಲಿ."

ಆರತಿ ಮಾತ್ರೆಯ ಬಾಟ್ಲಿ ತಂದಿದ್ದಳು. ಗಾರ್ಗಿ ಅದನ್ನು ಆಸ್ಪತ್ರೆಯ ಫಾರ್ಮಸಿಸ್ಟನಿಗೆ ತೋರಿಸಿದಳು. ಅವನು ಒಂದೊಂದನ್ನೂ ತಿರುವಿ, ಮೇಲಿನ ಅಚ್ಚು ನೋಡಿದ. ಎಲ್ಲವೂ ಅಸಲಿ. ಇರಬೇಕಾದಷ್ಟೇ ಇದ್ದವು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಬಾಟ್ಲಿ ಅಸಲಿ. ಕೊಟ್ಟದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಹೊಟ್ಟೆಯೊಳಗೆ ಹೋದದ್ದು ಮಾತ್ರ ಮಾಯ.

"ಬರೆದುಕೊಟ್ಟವಳನ್ನ ಕೇಳಿ," ಎಂದರು ಡಾಕ್ಟರು. "ಡೋಸು ಏರಿಸ್ತಾ ಹೋಗಿರೋದು ರಂಜನಿ ಅನ್ನೋ ಫಿಸಿಶಿಯನ್ ಅಸಿಸ್ಟೆಂಟ್, ಪಿ.ಎ. ಮೈಯಲ್ಲಿ ಔಷಧಿಯೇ ಇಲ್ಲ, ಡೋಸು ಏರ್ತಾನೇ ಇದೆ. ಇದಕ್ಕೆ ಏನರ್ಥ?"

ಅರ್ಥ ಗಾರ್ಗಿಗೂ ಗೊತ್ತಿತ್ತು. ಬೀದಿಯಲ್ಲಿ ಆ ಮಾತ್ರೆಗೆ ಗಿರಾಕಿಗಳು ಬೇಕಾದಷ್ಟು.

*

ರಂಜನಿಯ ಕ್ಲಿನಿಕ್ಕು ಸ್ಯಾನ್ ರಮೋನಿನಲ್ಲಿ. ಇವಳೂ ಮೈಸೂರಿನವಳು. ನೋವು ವಾಸಿಯಾಗದ ರೋಗಿಗಳ ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. ಕಣ್ಣು ಕೆಂಪಾಗಿದ್ದವು.

"ಡಾಕ್ಟರ ಸಹಿ ಇಲ್ಲದೆ ನೀವು ಮಾರ್ಫಿನ್ ಬರೀಬಹುದಾ?"

"ಈ ರಾಜ್ಯದಲ್ಲಿ ಬರೀಬಹುದು. ಡಾಕ್ಟರ ಜೊತೆ ಒಪ್ಪಂದ ಇದೆ, ಯಾವ್ಯಾವ ಔಷಧಿ ಬರೀಬಹುದು ಅಂತ. ಅದಕ್ಕೆ ಬೇರೆ ಕೋರ್ಸ್ ಮಾಡಿದೀನಿ. ಫೆಡರಲ್ ರಿಜಿಸ್ಟ್ರೇಶನ್ ನನ್ನ ಹೆಸರಲ್ಲೇ ಇದೆ. ಹಿಂದೆ ನಿಂತು ಯಾರೂ ಸಹಿ ಹಾಕಬೇಕಾಗಿಲ್ಲ."

"ಹಾಗಾದ್ರೆ ತಪ್ಪಾದ್ರೆ ಪೂರ್ತಿ ನಿಮ್ಮದೇ."

"ಪೂರ್ತಿ ನನ್ನದೇ." ರಂಜನಿ ಮುಖ ತಿರುಗಿಸಲಿಲ್ಲ. "ನೋವು ಅಂದ್ರು, ನಂಬಿದೆ. ಏರಿಸಿದೆ. ಮತ್ತೂ ನೋವು ಅಂದ್ರು, ಮತ್ತೆ ಏರಿಸಿದೆ. ಏರಿಸೋ ಮುಂಚೆ ಒಂದು ಟೆಸ್ಟ್ ಮಾಡಿಸಬೇಕಿತ್ತು. ಸಾಯೋ ಹೆಂಗಸಿಗೆ ಯಾಕೆ ಕಳ್ಳರ ಥರ ಟೆಸ್ಟು ಅನ್ನಿಸ್ತು."

"ಮನೆಯವರು ಹೇಗೆ?"

ರಂಜನಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಮೊದಲನೇ ದಿನ 'ನಾನು ಪಿ.ಎ.' ಅಂದೆ. ಯಜಮಾನರು ಎದ್ದು ನಿಂತು 'ಯಾವ ಮಂತ್ರೀದು?' ಅಂದ್ರು! ನಾನೂ ತಮಾಷೆಗೆ 'ಡಾಕ್ಟರ್ ಪಿ.ಎ. ಸಾರ್' ಅಂದೆ. ತಟ್ಟನೆ ಕೂತುಬಿಟ್ರು."

ಗಾರ್ಗಿಯೂ ನಕ್ಕಳು. ನಮ್ಮ ಕಡೆ ಪಿ.ಎ. ಎಂದರೆ ಸಾಹೇಬರ ಬಾಗಿಲು ಕಾಯುವವನು, ಫೋನ್ ಎತ್ತುವವನು. ಇಲ್ಲಿ ರೋಗಿಯನ್ನು ಮುಟ್ಟಿ ನೋಡಿ ಮದ್ದು ಬರೆಯುವವಳು ಎಂದು ಆ ಮುದುಕರಿಗೆ ಯಾರು ಹೇಳಬೇಕು?

"ಮಾತ್ರೆ ಬರೆಯೋ ನನ್ನ ಹಕ್ಕು ಕಿತ್ಕೊಂಡ್ರೆ ಕಿತ್ಕೊಳ್ಲಿ," ಎಂದಳು ರಂಜನಿ. "ಆದ್ರೆ ಅಂಬವ್ವ ಮನೇಲಿ ಕಣ್ಣು ಮುಚ್ಚಬೇಕು. ಆ ಮಾತು ಕೊಟ್ಟಿದೀನಿ."

*

ಅಂಬವ್ವನ ಗಂಡ ದೇವೇಂದ್ರಪ್ಪನವರು ಬಾಗಿಲು ತೆರೆದರು. ಬಿಳಿ ಪೈಜಾಮ, ಹಣೆಯ ಮೇಲೆ ವಿಭೂತಿ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ, ಕಾಲುವೆಯ ಹಿಂದೆ ಊರೂರು ತಿರುಗಿ ರಿಟೈರಾದವರು.

"ಪೊಲೀಸರ? ಕನ್ನಡ ಮಾತಾಡೂ ಪೊಲೀಸರ? ಬಾರವಾ ತಂಗಿ, ಕುಂದ್ರು."

ತಂಗಿ ಎಂದು ಕರೆಸಿಕೊಂಡು ಎಷ್ಟು ಕಾಲವಾಗಿತ್ತು! ಒಂದೇ ಮಾತಲ್ಲಿ ಕೇಳಬಹುದಾದ್ದನ್ನು ಗಾರ್ಗಿ ಹತ್ತು ಮಾತಲ್ಲಿ ಕೇಳಿದಳು.

"ಮಾತ್ರಿ ನಾನ ಕೈಯಾರೆ ಕೊಟ್ಟೀನಿ. ಬೇಕಾದ್ರ ಆರತಿನ ಕೇಳು. ಆದ್ರ ಒಂದ್ ಮಾತು. ಆ ಹುಡುಗಿ ಡಾಕ್ಟರ್ ಅಲ್ಲ, ಪಿ.ಎ. ನಮ್ಮ ಸರ್ವೀಸಿನಾಗ ಪಿ.ಎ. ಬಾಯಿಮಾತಿಗೆ ನಾ ಎಂದೂ ಗೇಟ್ ಎತ್ತಲಿಲ್ಲ. ಸಾಹೇಬ್ರ ಆರ್ಡರ್ ಬರಲಿ, ನೀರು ಬಿಡ್ತೀನಿ ಅಂತಿದ್ದೆ."

"ಡಾಕ್ಟ್ರು ಬರ್ತಾರೆ ಅಂತ ಕಾಯ್ತಿದ್ರಾ?"

"ಕಾದೆ. ಬರ್ಲಿಲ್ಲ."

ಮಾತು ಅಂಬವ್ವನ ಕಡೆ ಹೊರಳಿದ್ದೇ ಅವರ ಮುಖ ಅರಳಿತು. ಮದುವೆಯಲ್ಲಿ ತನ್ನ ಪೇಟ ಕಣ್ಣ ಮೇಲೆ ಜಾರಿದ್ದು, ಅದನ್ನು ನೋಡಿ ಅವಳು ಸೆರಗಿನಲ್ಲಿ ನಕ್ಕದ್ದು. ಸೈಟಿಗೆ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಸಿಟ್ಟು ಬಂದ ದಿನ ಚಟ್ನಿ ಇಡದೆ ಬಿಟ್ಟದ್ದು. "ನನಗ ಇವ್ಯಾವೂ ಗೊತ್ತಿರ್ಲಿಲ್ಲ ನೋಡು. ಮೊನ್ನೆ ಮೊನ್ನೆ ಹೇಳಿದ್ಲು. ಸಂಜೀಮುಂದ ಕುಂತ್ವಿ ಅಂದ್ರ ದೀಪ ಹಚ್ಚೂದ ಮರೀತಿದ್ವಿ."

ಎದ್ದು ಹೋಗಿ ಗಾಜಿನ ಡಬ್ಬಿ ತಂದರು. ಜೀರಿಗೆ ಪೆಪ್ಪರಮೆಂಟು.

"ತಗೋ, ಬಾಯಾಡಸು."

ಗಾರ್ಗಿ ಡಬ್ಬಿಗೆ ಬೆರಳು ಹಾಕಿದಳು. ಚಿಕ್ಕವಳಿದ್ದಾಗ ಅವಳು ಮೊದಲು ಹೆಕ್ಕುತ್ತಿದ್ದದ್ದು ನೇರಳೆಯದನ್ನು. ನಾಲಗೆಗೆ ಬಣ್ಣ ಹತ್ತುತ್ತದೆಂದು. ಕೆದಕಿದಳು. ಬಿಳಿ, ಗುಲಾಬಿ, ಹಳದಿ.

"ನೇರಳೆದು ಇಲ್ವಾ?"

"ಅವು ಖಾಲಿ ಆದ್ವು," ಎಂದು ಅವರು ಮುಚ್ಚಳ ತಿರುವಿದರು. ಸ್ವಲ್ಪ ಬೇಗನೇ ತಿರುವಿದರು.

*

ಆದರೆ ಗಾರ್ಗಿಯ ಕಣ್ಣು ಆ ಹೊತ್ತಿಗೆ ಅಳಿಯನ ಮೇಲಿತ್ತು.

ಶಿವಪ್ರಕಾಶ್ ನೆವಾರ್ಕಿನಲ್ಲಿ ಕಾರು ಮಾಡುವ ಕಂಪನಿಯ ಎಂಜಿನಿಯರು. ಹಿಂದೆ ಬೆನ್ನಿನ ಆಪರೇಶನ್ ಆದಾಗ ನೋವಿನ ಮಾತ್ರೆ ಬಿಡಲಾರದೆ ಒದ್ದಾಡಿದ್ದ. ಈಗ ವಾರಗಳಿಂದ ಮಧ್ಯಾಹ್ನ ಆಫೀಸಿನಿಂದ ಮಾಯವಾಗುತ್ತಿದ್ದಾನೆ. ಆರತಿ ಕೇಳಿದರೆ "ಮೀಟಿಂಗು" ಎನ್ನುತ್ತಾನೆ. ಇದನ್ನು ಹೇಳುವಾಗ ಆರತಿ ನೆಲ ನೋಡುತ್ತಿದ್ದಳು.

ಗಾರ್ಗಿ ಅವನನ್ನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲೇ ಹಿಡಿದಳು.

"ಮಧ್ಯಾಹ್ನ ಎಲ್ಲಿಗೆ ಹೋಗ್ತೀರಾ?"

ಅವನ ಮುಖ ಸುಣ್ಣವಾಯಿತು. "ಆರತಿಗೆ ಹೇಳಬ್ಯಾಡ್ರಿ. ಬರ್ರಿ, ತೋರಸ್ತೀನಿ."

ಫ್ರೀವೇ ಹಿಡಿದು ಹೇವರ್ಡಿಗೆ ಬಂದರು. ಕಾರು ನಿಂತದ್ದು ಸ್ಮಶಾನದ ಮುಂದೆ. ಗುಡ್ಡದ ಮೇಲೆ ಹಸಿರು ಹುಲ್ಲು, ಕೆಳಗೆ ಕೊಲ್ಲಿಯ ನೀರು.

"ನಮ್ಮ ಮಂದಿ ಸುಡೂದಿಲ್ಲ ಮೇಡಂ. ಕೂಡ್ರಿಸಿ ಮಣ್ಣು ಕೊಡ್ತೀವಿ. ಇಲ್ಲಿ ಯಾವ ಸೆಮೆಟರಿಗೆ ಹೋದ್ರೂ ಪೆಟ್ಟಿಗ್ಯಾಗ ಮಲಗಿಸಬೇಕು ಅಂತಾರ. ಎಲ್ಲಾ ಕಡೆ ಕೇಳಕೋತ ಹೊಂಟೀನಿ. ಅತ್ತಿ ಇನ್ನೂ ಉಸಿರಾಡಾಕತ್ತಾರ, ನಾ ಇಲ್ಲಿ ಜಾಗ ನೋಡಾಕತ್ತೀನಿ. ಮನ್ಯಾಗ ಹೆಂಗ ಹೇಳ್ಲಿ?" ಆಮೇಲೆ ತಾನೇ ತೋಳು ಚಾಚಿದ. "ರಕ್ತ ಬೇಕಾದ್ರೂ ತಗೋರಿ. ಆ ಮಾತ್ರಿ ಮುಟ್ಟಿ ವರ್ಷಗಳಾದ್ವು."

ಗಾರ್ಗಿಗೆ ಆ ತೋಳು ಬೇಕಿರಲಿಲ್ಲ.

"ನಿಮ್ಮತ್ತೆ ಮಾರ್ಫಿನ್ ಶುರು ಮಾಡಿದಾಗ ಹೇಗಿದ್ರು?"

"ಮೊದಲನೇ ವಾರ ಪೂರಾ ನಿದ್ದಿ. ಕರದ್ರೂ ಏಳ್ತಿರ್ಲಿಲ್ಲ. ಆಮ್ಯಾಲೆ ಒಮ್ಮಿಂದೊಮ್ಮೆಲೆ ಚುರುಕಾದ್ರು. ಮೈಗೆ ಅಡ್ಜಸ್ಟ್ ಆತು ಅಂದ್ಕೊಂಡ್ವಿ. ಮಾವ ಅವರ ಬಾಜೂಕಿಂದ ಏಳ್ತಾನ ಇರ್ಲಿಲ್ಲ. ಆದ್ರ ಅದಾದ ಮ್ಯಾಲ ನೋವು ಹೆಚ್ಚಾತು."

ಗಾರ್ಗಿ ನಿಂತಲ್ಲೇ ನಿಂತಳು. ಮಾರ್ಫಿನ್ ಯಾರಿಗೆ ಬೇಕಿತ್ತು ಎಂದು ಇಷ್ಟು ಹೊತ್ತು ಊರೆಲ್ಲ ಹುಡುಕಿದ್ದಳು. ಅಂಬವ್ವ ಎಚ್ಚರವಾಗಿರುವುದು ಯಾರಿಗೆ ಬೇಕಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

*

ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದಳು. ಆರತಿ, ಶಿವಪ್ರಕಾಶ್, ರಂಜನಿ, ಕಿಟಕಿಯ ಬಳಿ ದೇವೇಂದ್ರಪ್ಪನವರು.

"ಚಟಕ್ಕೆ ಕದಿಯೋನು ಹೊತ್ತು ನೋಡಲ್ಲ, ಬಾಚಿಕೊಳ್ತಾನೆ," ಎಂದಳು. "ಮಾರೋನು ಬಾಟ್ಲಿನೇ ಎತ್ತುತಾನೆ. ಇಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು, ಲೆಕ್ಕ ತಪ್ಪದ ಹಾಗೆ ಹೋಗಿದೆ. ಕೊಡೋ ಕೈಯೇ ತೆಗೆದಿರಬೇಕು. ಆದ್ರೆ ಆರತಿ ಕಂಡ ನೇರಳೆ ಮಾತ್ರೆ ಯಾವುದು?"

ಗಾರ್ಗಿ ಕುರ್ಚಿ ಎಳೆದುಕೊಂಡು ಕೂತಳು.

"ಡಬ್ಬಿಯಲ್ಲಿ ಎಲ್ಲಾ ಬಣ್ಣದ ಪೆಪ್ಪರಮೆಂಟೂ ಇತ್ತು. ನೇರಳೆ ಒಂದೇ ಇರಲಿಲ್ಲ. ಜೀರಿಗೆ ಪೆಪ್ಪರಮೆಂಟಲ್ಲಿ ಒಂದೇ ಬಣ್ಣ ಹೆಕ್ಕೋರು ಮಕ್ಕಳು. ನಿಮ್ಮ ಮನೇಲಿ ಚಿಕ್ಕ ಮಕ್ಕಳಿಲ್ಲ." ಗಾರ್ಗಿಯ ದನಿ ಇಳಿಯಿತು. "ಅಷ್ಟು ಮಾರ್ಫಿನ್ ನುಂಗಿದವರು ಮದುವೆ ಪೇಟದ ಕಥೆ ದೀಪ ಹಚ್ಚೋ ಹೊತ್ತಿನವರೆಗೆ ಹೇಳಲ್ಲ. ಅಂಬವ್ವ ಮಾತಾಡಿದ್ರು ಅಂತ ನನಗೆ ಹೇಳಿದ್ದು ನೀವೇ, ದೇವೇಂದ್ರಪ್ಪನವರೇ."

"ಅಪ್ಪಾ?" ಎಂದಳು ಆರತಿ.

ಅವರು ಕಿಟಕಿಯಿಂದ ತಿರುಗಲಿಲ್ಲ.

"ಮೊದಲನೇ ವಾರ ಅಕಿ ಮಲಗೇ ಇದ್ಲು. ಕಣ್ಣು ತಗದ್ರೂ ನನ್ನ ಗುರುತು ಹಿಡೀಲಿಲ್ಲ. ಒಂದ್ ದಿನ ಮಾತ್ರಿ ಕೊಡೂದ ಮರತೆ. ಖರೇನ ಮರತೆ. ಸಂಜೀಕ ಎದ್ಲು. 'ಚಾ ಕುಡದ್ರೇನ್ರಿ?' ಅಂದ್ಲು. ಮರುದಿನದಿಂದ ಮರೀಲಿಲ್ಲ. ಬೇಕಂತ ಬಿಟ್ಟೆ."

"ನೋವು ಕಾಣಲಿಲ್ವಾ?"

"ಕಾಣದ ಏನು? ಡಾಕ್ಟರ್ ಬಂದು ಹೇಳಿದ್ರ ಕೊಡೂಣು, ಇದು ಬರೇ ಪಿ.ಎ. ಬರದದ್ದು ಅಂತ ನನಗ ನಾನ ಸುಳ್ಳು ಹೇಳ್ಕೊಂಡೆ. ಮಾತ್ರಿ ಒಂದೂ ಎಲ್ಲೂ ಹೋಗಿಲ್ಲ. ಕಪಾಟಿನಾಗ ಮಂಕಿ ಕ್ಯಾಪ್ ಐತಿ, ಅದರೊಳಗ ಅದಾವು. ಸರಕಾರಿ ಮಾಲ್ ಕಾದಂಗ ಕಾದೀನಿ."

ರಂಜನಿ ಎದ್ದು ಅವರ ಮುಂದೆ ಹೋಗಿ ನಿಂತಳು.

"ಸಾರ್, ನಾನು ಏರಿಸಿದ ಡೋಸು ಅಭ್ಯಾಸ ಇರೋ ಮೈಗೆ. ಒಂದು ದಿನ ನಿಮಗೆ ಕನಿಕರ ಬಂದು ನಿಜವಾದ ಮಾತ್ರೆ ಕೊಟ್ಟಿದ್ರೆ, ಅಮ್ಮನ ಉಸಿರೇ ನಿಲ್ತಿತ್ತು. ನಾನೇ ಕೊಂದ ಹಾಗಾಗ್ತಿತ್ತು."

ಇದು ಮುದುಕರಿಗೆ ಹೊಳೆದೇ ಇರಲಿಲ್ಲ.

"ಒಂದು ಮಾತು ಕೇಳಿದ್ರೆ ಸಾಕಿತ್ತು," ಎಂದಳು ರಂಜನಿ. "ಡೋಸು ಹೊಂದಿಸಿ, ಸಂಜೆ ಒಂದಿಷ್ಟು ಹೊತ್ತು ಎಚ್ಚರ ಇರೋ ಹಾಗೆ ಪ್ರಯತ್ನ ಮಾಡಬಹುದಿತ್ತು. ಆ ಹಕ್ಕು ನನಗಿದೆ. ನನಗೇ ಇದೆ."

*

ಅಂಬವ್ವನಿಗೆ ಸುದ್ದಿ ಹೇಳಲು ಗಾರ್ಗಿ ಒಬ್ಬಳೇ ಒಳಗೆ ಹೋದಳು. ಹೇಳಬೇಕಾಗಲಿಲ್ಲ.

"ಹಿಡದ್ಯಾ ನಮ್ಮ ಯಜಮಾನ್ರನ್ನ?" ಅಂಬವ್ವ ಒಣ ತುಟಿಯಲ್ಲಿ ನಕ್ಕರು.

"ನಿಮಗೆ ಗೊತ್ತಿತ್ತಾ?"

"ನಾಲಿಗಿ ಸತ್ತೈತೇನವಾ? ಜೀರಿಗಿ ಪೆಪ್ಪರಮೆಂಟು ಯಾರಿಗೆ ತಿಳಿಯೂದಿಲ್ಲ?"

"ಮತ್ತೆ ಯಾಕಮ್ಮ ಸುಮ್ನಿದ್ರಿ? ಅಷ್ಟು ನೋವಿನಲ್ಲಿ?"

"ಕಾಲುವಿ, ಡ್ಯಾಮು, ಟ್ರಾನ್ಸಫರು. ಬರ್ತಿದ್ರು, ಉಣ್ತಿದ್ರು, ಹೋಗ್ತಿದ್ರು. ಕುಂತು ನನ್ನ ಜೋಡಿ ಮಾತಾಡ್ಲಿ ಅಂತ ಜಲ್ಮ ಪೂರಾ ಕಾದೀನಿ. ಈಗ ಕುಂತಾರ. ನನಗ ನಿದ್ದಿ ಬೇಕಂತ ಹೆಂಗ ಹೇಳ್ಲಿ?" ಗಾರ್ಗಿಯ ಕೈ ಹಿಡಿದರು. "ಆದ್ರ ಇನ್ನ ತಡಕೊಳ್ಳಾಕ ಆಗವಲ್ದವಾ. ಅವರಿಗೆ ನೀನ ಹೇಳು."

*

ಗಾರ್ಗಿಯ ವರದಿ ಓದಿದ ಪ್ರಾಸಿಕ್ಯೂಟರು ಮೊಕದ್ದಮೆ ಹೂಡಲಿಲ್ಲ, ಷರತ್ತು ಹಾಕಿದರು. ಮಾತ್ರೆ ಬೀಗದ ಪೆಟ್ಟಿಗೆಯಲ್ಲಿ, ಕೀಲಿ ಆರತಿಯ ಬಳಿ, ದಿನಾ ನರ್ಸು ಬಂದು ನೋಡಬೇಕು. ರಂಜನಿಯ ಮೇಲೆ ದೋಷವಿಲ್ಲವೆಂದು ಬರೆದರು. ಹೊಸ ಮದ್ದನ್ನು ಅವಳೇ ಬರೆದಳು, ಕಡಿಮೆಯಿಂದ ಶುರುಮಾಡಿ, ತನ್ನ ಹೆಸರಿನಲ್ಲೇ.

ಅಂಬವ್ವ ಡ್ಯಾನ್‌ವಿಲ್‌ನ ಮನೆಗೆ ಬಂದ ಸಂಜೆ ಗಾರ್ಗಿ ಪೆಟ್ಟಿಗೆ ಪರೀಕ್ಷಿಸಲು ಹೋದಳು. ಒಂದಿಷ್ಟು ಹೊತ್ತು ಅಂಬವ್ವ ಎಚ್ಚರವಾಗಿದ್ದರು. ಗಂಡನ ಅಂಗಿಯ ಗುಂಡಿ ತಪ್ಪಿದ್ದನ್ನು ತೋರಿಸಿ ಬೈದರು. ಆಮೇಲೆ ಹುಬ್ಬು ಗಂಟಿಕ್ಕಿತು. ಆರತಿ ಮಾತ್ರೆ ಬಾಯಲ್ಲಿಟ್ಟಳು. ನೀರಿನ ಲೋಟ ಹಿಡಿಯುವುದಕ್ಕೆ ಮಾತ್ರ ದೇವೇಂದ್ರಪ್ಪನವರಿಗೆ ಅಪ್ಪಣೆ. ಎರಡೂ ಕೈಯಲ್ಲಿ ಹಿಡಿದರು.

ಹುಬ್ಬು ನಿಧಾನ ಸಡಿಲವಾಯಿತು. ಅಂಬವ್ವ ನಿದ್ದೆಹೋದರು.

ಗಾರ್ಗಿ ಬೂಟು ಹಾಕಿಕೊಳ್ಳಲು ಹೊರಬಾಗಿಲ ಬಳಿ ಕೂತಳು. ಒಳಗೆ ಕುರ್ಚಿ ಎಳೆದ ಸದ್ದು. ಆಮೇಲೆ ಮುದುಕರ ದನಿ, ಮೆಲ್ಲಗೆ.

"ಮಲಗೀಯಾ? ಮಲಕೋ. ನಾ ಹೇಳ್ತೀನಿ ಕೇಳು. ನಾರಾಯಣಪುರದ ಸೈಟಿನಾಗ ಇದ್ನಲ್ಲಾ, ಒಂದ್ ದಿನ ನಿನಗ ಅಂತ ಸೀರಿ ತಗೊಂಡಿದ್ದೆ. ಕೊಡಾಕ ನಾಚಿಕಿ ಆಗಿ..."

ಗಾರ್ಗಿ ಒಂದು ಬೂಟು ಹಾಕಿಕೊಂಡಿದ್ದಳು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು, ಮಾತು ಮುಗಿಯದಿರಲಿ ಎಂದು.