ತೋಳನ ಕಣಿವೆ, ಮೊಸಳೆಯ ಬಾಗಿಲು

ಸೋಮದುರ್ಗದ ಮೊಸಳೆಬಾಗಿಲು ತೆರೆದರೇನೇ ರಾಜಧಾನಿಗೆ ಬೆಳಗಾದಂತೆ. ಕಂದಕದ ಸೇತುವೆಯ ಮೇಲೆ ಮೆಣಸು ಹೇರಿದ ಎತ್ತುಗಳು, ಹೂವಾಡಗಿತ್ತಿಯರು, ಪಟ್ಟದಾನೆಗೆ ಕಬ್ಬು ಹೊತ್ತ ಆಳುಗಳು ಒಬ್ಬರನ್ನೊಬ್ಬರು ನೂಕುತ್ತ ಒಳನುಗ್ಗುವುದನ್ನು ಬಾಗಿಲಿನ ಎರಡು ಕಲ್ಲುಮೊಸಳೆಗಳು ಬಾಯ್ದೆರೆದು ನೋಡುತ್ತಿದ್ದವು. ಆ ದಿನ ಮಾತ್ರ ಸೂರ್ಯ ನೆತ್ತಿಗೇರಿದರೂ ಬಾಗಿಲು ಮುಚ್ಚಿಯೇ ಇತ್ತು. ಪ್ರಧಾನಿ ಲಿಂಗರಸಯ್ಯನವರು ರಾಜದ್ರೋಹದ ಆರೋಪ ಹೊತ್ತು ಆಸ್ಥಾನದ ನಡುವೆ ನಿಂತಿದ್ದರು.

ಬಸರೂರಿನ ವರ್ತಕ ಸಾಂತಪ್ಪ ಸೆಟ್ಟಿ ಕಂಬದ ಮರೆಯಿಂದ ಎಲ್ಲವನ್ನೂ ಕೇಳುತ್ತಿದ್ದ. ಸಿಂಹಳದ ಕೊಲಂಬಿನ ಡಚ್ಚರು ಪ್ರಧಾನಿಗೆ ಬರೆದ ಪತ್ರವೊಂದು ದಳವಾಯಿ ಬೊಮ್ಮನಾಯಕನ ಕೈಗೆ ಸಿಕ್ಕಿತ್ತು. ದುಭಾಷಿ ವಿಠಲ ಪಂಡಿತ ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದ:

"ಹುಣ್ಣಿಮೆಗೆ ಮುನ್ನ ನಿಮ್ಮ ಜನರು ತೋಳನ ಕಣಿವೆಯಲ್ಲಿ ಸೇರಲಿ. ಮೊಸಳೆಬಾಗಿಲು ತೆರೆದಿರುವುದು. ಇಂತಿ, ಯಾನ್ ಡೆ ವೋಲ್ಫ್."

ದುರ್ಗದ ಹಿಂದಿನ ಕಂದರಕ್ಕೆ ತೋಳನ ಕಣಿವೆಯೆಂದೇ ಹೆಸರು. ಬಾಗಿಲು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಅಕ್ಕಿಯ ಮಾತುಕತೆಗೆ ನಿಯೋಗ ಕಳುಹಿಸಲು ಪ್ರಭುಗಳೇ ಅಪ್ಪಣೆ ಕೊಡಿಸಿದ್ದಿರಿ. ಅದರಂತೆ ಬರೆದಿದ್ದೆ," ಎಂದರು ಲಿಂಗರಸಯ್ಯ. "ಈ ಕಣಿವೆ, ಬಾಗಿಲುಗಳ ಮಾತು ನನಗೆ ತಿಳಿಯದು."

"ನಲವತ್ತು ವರ್ಷ ಓಡಾಡಿದ ಬಾಗಿಲು ಈಗ ತಿಳಿಯದಾಯಿತೆ, ಅಯ್ಯನವರೆ?" ಎಂದ ದಳವಾಯಿ.

ಅರಸರ ಮುಖ ಕಲ್ಲಾಗಿತ್ತು. "ಬೇರೆ ಸಾಕ್ಷಿಯಿಲ್ಲದಿದ್ದರೆ ಆನೆಯ ಕಾಲಿಗೆ."

ಸಾಂತಪ್ಪನಿಗೆ ಗೊತ್ತಿತ್ತು: ಸಾಕ್ಷಿ ತಾನೇ. ಆದರೆ ಅಪ್ಪಣೆಯಿಲ್ಲದೆ ಡಚ್ಚರ ರೇವು ಮೆಟ್ಟಿದ ವರ್ತಕನಿಗೆ ಗಡೀಪಾರು, ಮನೆ ದೋಣಿಗಳೆಲ್ಲ ಮುಟ್ಟುಗೋಲು. ರಾಮೇಶ್ವರದ ಯಾತ್ರೆಯೆಂದು ಹೇಳಿ ಅವನು ಮೂರು ಸಲ ಕೊಲಂಬಿಗೆ ಹೋಗಿಬಂದಿದ್ದ. ಸುಮ್ಮನಿದ್ದರೆ ಸಂಜೆ ಮನೆಯಲ್ಲಿ ಊಟ.

ಅವನು ಕಂಬ ಬಿಟ್ಟು ಮುಂದೆ ಬಂದ.

"ಪಂಡಿತರೆ, ವೋಲ್ಫ್ ಅಂದರೇನು?"

"ಅದು ಬರೆದವನ ಅಂಕಿತ."

"ಅರ್ಥ ಕೇಳಿದೆ."

ಪಂಡಿತ ತಡೆದು, "ತೋಳ," ಎಂದ.

"ಹಾಗಾದರೆ 'ಇಂತಿ, ಯಾನ್ ತೋಳ' ಅಂತ ಏಕೆ ಓದಲಿಲ್ಲ?"

"ಹೆಸರನ್ನು ಯಾರಾದರೂ ಭಾಷಾಂತರಿಸುತ್ತಾರೆಯೆ, ಸೆಟ್ಟರೆ?"

"ನಾನು ಹೇಳಬೇಕಾದದ್ದನ್ನು ನೀವೇ ಹೇಳಿದಿರಿ. ಈಗ ಆ ಕಣಿವೆಯನ್ನೂ ಬಾಗಿಲನ್ನೂ ಪತ್ರದಲ್ಲಿ ಇದ್ದಂತೆಯೇ ಓದಿ."

ಪಂಡಿತ ದಳವಾಯಿಯ ಕಡೆ ನೋಡಿದ. ಆ ನೋಟವನ್ನು ಅರಸರೂ ಕಂಡರು. "ಓದು," ಎಂದರು.

"ವೋಲ್ವೆಂಡಾಲ್... ಕೈಮನ್ಸ್‌ಪೋರ್ಟ್."

"ತೋಳನ ಕಣಿವೆ, ಮೊಸಳೆಯ ಬಾಗಿಲು ಎಂದೇ ಅವುಗಳ ಅರ್ಥ, ಪ್ರಭು. ಆದರೆ ಮೊದಲನೆಯದು ಕೊಲಂಬಿನ ಒಂದು ಕೇರಿ. ಎರಡನೆಯದು ಅಲ್ಲಿಯ ಕೋಟೆಯ ಬಾಗಿಲು. ನಮ್ಮ ನಿಯೋಗ ಎಲ್ಲಿ ಸೇರಬೇಕು, ಯಾವ ಕಡೆಯಿಂದ ಒಳಗೆ ಬರಬೇಕು ಎಂದು ಬರೆದಿದ್ದಾರೆ, ಅಷ್ಟೆ. ಅಲ್ಲಿ ತೋಳವೂ ಇಲ್ಲ. ಊಳಿಡುವ ನರಿಗಳನ್ನು ತೋಳಗಳೆಂದು ತಿಳಿದು ಡಚ್ಚರು ಇಟ್ಟ ಹೆಸರಂತೆ."

ಬೊಮ್ಮನಾಯಕ ನಕ್ಕ. "ಕೊಲಂಬಿನ ಕೇರಿಗಳು ಸೆಟ್ಟರಿಗೆ ಹೇಗೆ ಪರಿಚಯ?"

ಈ ಪ್ರಶ್ನೆ ಬಂದೇ ಬರುವುದೆಂದು ತಿಳಿದೇ ಅವನು ಕಂಬ ಬಿಟ್ಟಿದ್ದ. "ಮೂರು ಸಲ ಹೋಗಿದ್ದೇನೆ. ಆ ಬಾಗಿಲಲ್ಲೇ ಎರಡು ದಿನ ನಿಂತಿದ್ದೇನೆ."

ಅರಸರು ಪಂಡಿತನ ಕೈಯಿಂದ ಪತ್ರವನ್ನು ತೆಗೆದುಕೊಂಡರು. "ಮನೆ ಉಳಿಸಿಕೊಳ್ಳಲು ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಕಳೆದುಕೊಳ್ಳಲು ಹೇಳುವವರನ್ನು ಕಂಡಿಲ್ಲ," ಎಂದು ದಳವಾಯಿಯ ಖಡ್ಗವನ್ನು ಕಳಚಿಸಿದರು. ಪ್ರಧಾನಿಯ ಮುದ್ರೆಯುಂಗುರ ಮತ್ತೆ ಅವರ ಬೆರಳಿಗೆ ಬಂತು. ಆಮೇಲೆ, ಸೆಟ್ಟಿಯ ಮುಖ ನೋಡದೆ, "ಶಾಸನ ಶಾಸನವೇ," ಎಂದರು.

ಇಳಿಹೊತ್ತಿಗೆ ಮೊಸಳೆಬಾಗಿಲು ತೆರೆದಾಗ ಸಾಂತಪ್ಪನ ಕೈಯಲ್ಲಿದ್ದುದು ಒಂದೇ ಗಂಟು. ಅವನನ್ನು ಬೀಳ್ಕೊಡಲು ಲಿಂಗರಸಯ್ಯನವರು ನಡೆದೇ ಬಂದಿದ್ದರು.

"ನನಗಾಗಿ ಇಷ್ಟೇಕೆ, ಸೆಟ್ಟರೆ?"

"ಹನ್ನೆರಡು ವರ್ಷದಲ್ಲಿ ನನ್ನ ದೋಣಿಯನ್ನು ಒಂದು ದಿನವೂ ಸುಮ್ಮನೆ ರೇವಿನಲ್ಲಿ ಕಾಯಿಸದವರು ನೀವೊಬ್ಬರೇ."

"ಈಗ ನಿಮಗೆ ದೋಣಿಯೇ ಇಲ್ಲವಲ್ಲ."

"ಬೇರೆಯವರಿಗಿದೆಯಲ್ಲ, ಸ್ವಾಮಿ."

ಪ್ರಧಾನಿಗಳ ಕಣ್ಣು ತೇವಗೊಂಡಿತು. "ಎಲ್ಲಿಗೆ ಪ್ರಯಾಣ?"

"ತೋಳನ ಕಣಿವೆಗೆ."

ಬಾಗಿಲ ಕಾವಲುಗಾರ ಬೆಚ್ಚಿ ಈಟಿಗೆ ಕೈ ಹಾಕಿದ. ಲಿಂಗರಸಯ್ಯನವರು ಆ ದಿನ ಮೊದಲ ಬಾರಿಗೆ ನಕ್ಕರು.

"ಬಿಡಪ್ಪ, ಹೋಗಲಿ. ಅದು ಬರೀ ಹೆಸರು."