ಅಬು ದಾಹಿ ಮುಟ್ಟದ ಕಾಫಿ

ಅಬು ದಾಹಿ ಅಜ್ಜ ಕಾಫಿ ಮುಟ್ಟಲಿಲ್ಲ. ಬಟ್ಟಲನ್ನು ಎದುರಿಗಿಟ್ಟುಕೊಂಡು ಗಡ್ಡ ನೀವುತ್ತಾ ಕುಳಿತರು. ಅವರ ಜೊತೆ ಬಂದ ಊರ ಹಿರಿಯರೂ ಮುಟ್ಟಲಿಲ್ಲ.

ರುದೈನಾ ಬಾಗಿಲ ಪರದೆ ಹಿಡಿದು ನಿಂತಿದ್ದಳು. ಸಲ್ತ್ ಊರಿನಲ್ಲಿ ರಾಜಿ ಕೇಳಲು ಬಂದವರು ಕಾಫಿ ಕುಡಿಯುವುದು, ಮನೆಯ ಯಜಮಾನ "ಕುಡೀರಿ" ಎಂದ ಮೇಲೆಯೇ. ಹಾಗೆಂದರೆ ಕೇಳಿದ್ದನ್ನು ಒಪ್ಪಿದಂತೆ. ಅಪ್ಪ ಇನ್ನೂ ಆ ಮಾತು ಆಡಿರಲಿಲ್ಲ.

"ನಿದಾಲ್ ಲಾಕಪ್‌ನಲ್ಲಿ ಆರು ದಿನದಿಂದ ಇದಾನಪ್ಪಾ. ದೂರು ವಾಪಸ್ ತಗೋ," ಅಂದರು ಅಜ್ಜ.

"ನನ್ನ ಮಗನ ಕೈ ಮುರಿದಿದಾನೆ. ಕೋರ್ಟಲ್ಲೇ ತೀರ್ಮಾನ ಆಗ್ಲಿ."

ನಿದಾಲ್ ಅಂದರೆ ಜುಲ್ನಾರ್‌ಳ ಅಣ್ಣ. ಜುಲ್ನಾರ್ ನಾಲ್ಕು ವರ್ಷದಿಂದ ರುದೈನಾಳ ಬೆಂಚಿನ ಗೆಳತಿ. ಆರು ದಿನದಿಂದ ಸ್ಕೂಲಿಗೇ ಬಂದಿಲ್ಲ. ಅವರ ಮನೆ ಕಡೆ ಹೋಗಬೇಡ ಅಂತ ಅಮ್ಮ ಬೇರೆ ಹೇಳಿದ್ದರು. ರುದೈನಾಗೆ ಅವಳನ್ನು ನೋಡಬೇಕು ಅನ್ನಿಸುತ್ತಿತ್ತು, ತುಂಬಾ ಅನ್ನಿಸುತ್ತಿತ್ತು. ನಿನ್ನೆ ಸ್ಕೂಲಲ್ಲಿ ರೊಟ್ಟಿ ಅರ್ಧ ಮುರಿದು ಪಕ್ಕಕ್ಕೆ ಚಾಚಿ, ಅಲ್ಲಿ ಯಾರೂ ಇಲ್ಲವೆಂದು ಕೈ ಹಿಂದೆ ತೆಗೆದುಕೊಂಡಿದ್ದಳು.

ಅದಕ್ಕೇ ಬಾಯಿಂದ ಜಾರಿಬಿಟ್ಟಿತು. "ಕುಡೀರಿ ಅಜ್ಜಾ. ಆರ್ತಾ ಇದೆ."

ಬಟ್ಟಲಿಗೆ ಕೈ ಹಾಕಿದ ಒಬ್ಬರು ಗಡಬಡಿಸಿ ಹಿಂದೆಗೆದರು. ಅಜ್ಜ ನಕ್ಕರು. "ಕುಡಿದುಬಿಡ್ತಿದ್ದೆ ಪುಟ್ಟಾ. ಆದ್ರೆ ಆ ಮಾತು ನಿಮ್ಮಪ್ಪನ ಬಾಯಿಂದ ಬರಬೇಕು."

"ಒಳಗೆ ಹೋಗು," ಅಂದರು ಅಪ್ಪ.

ಅವಳು ಹೋಗಲಿಲ್ಲ. ಮೂಲೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕುಳಿತಿದ್ದ ಅಣ್ಣ ಹುಸಾಮ್ ಬೇಡ ಅಂತ ತಲೆಯಾಡಿಸುತ್ತಿದ್ದ.

"ಅಪ್ಪಾ, ಅವತ್ತಿನ ಜಗಳದಲ್ಲಿ ಕಬ್ಬಿಣದ ರಾಡ್ ಮೊದಲು ಎತ್ತಿದ್ದು ಅಣ್ಣ. ನಾನು ತಾರಸಿಯಿಂದ ನೋಡಿದೆ. ನಿದಾಲ್ ಕಿತ್ಕೊಳ್ಳೋಕೆ ಎಳೆದ, ಇವನು ಮೆಟ್ಟಿಲಿಂದ ಬಿದ್ದ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರೂ ನನ್ನ ಕೇಳ್ಲಿಲ್ಲ."

"ನಿಜವೇನೋ?" ಅಪ್ಪ ತಿರುಗಿದರು. ಹುಸಾಮ್ ಪ್ಲಾಸ್ಟರಿನ ಅಂಚು ಕೆರೆಯುತ್ತಾ ಕುಳಿತ. ಅಷ್ಟು ಜನರೆದುರು ಅಪ್ಪನ ಕಿವಿ ಕೆಂಪಾಯಿತು.

"ಕುಡೀರಿ ಅಬು ದಾಹಿ," ಅಂದರು ಕೊನೆಗೆ. "ತಡೀರಿ, ಬಿಸಿಯದು ತರಿಸ್ತೀನಿ."

"ಇದೇ ಸಾಕು," ಎಂದು ಅಜ್ಜ ಆರಿದ್ದನ್ನೇ ಗುಟುಕರಿಸಿದರು.

ಮಾರನೆಯ ದಿನ ನಿದಾಲ್ ಲಾಕಪ್‌ನಿಂದ ತನ್ನ ಮನೆಗೆ ಬಂದ. ಕೇಸು ಪೂರ್ತಿ ಮುಗಿದಿರಲಿಲ್ಲ. ನಡೆದದ್ದನ್ನು ಹುಸಾಮ್ ಜಡ್ಜ್ ಎದುರು ತಾನೇ ಹೇಳಬೇಕಂತೆ. ಅವನು ರುದೈನಾ ಜೊತೆ ಮಾತು ಬಿಟ್ಟಿದ್ದ.

ಅದರ ಮರುದಿನ ಜುಲ್ನಾರ್ ಸ್ಕೂಲಿಗೆ ಬಂದಳು. ರುದೈನಾ ಪಕ್ಕದಲ್ಲಿದ್ದ ಚೀಲ ತೆಗೆದು ಜಾಗ ಮಾಡಿದಳು. ಜುಲ್ನಾರ್ ಕೂರಲಿಲ್ಲ.

"ನೀನು ಅವತ್ತೇ ನೋಡಿದ್ಯಂತೆ."

"ಹೂಂ."

"ಆರು ದಿನ ನಮ್ಮಮ್ಮ ಸರಿಯಾಗಿ ಊಟಾನೇ ಮಾಡ್ಲಿಲ್ಲ," ಎಂದು ಹೇಳಿ ಕಿಟಕಿ ಪಕ್ಕದ ಬೆಂಚಿಗೆ ಹೋದಳು.

ಯಾರೂ ಕೇಳಲಿಲ್ಲ ಎನ್ನಲು ರುದೈನಾ ಬಾಯಿ ತೆರೆದಳು. ಆ ಮಾತು ಈಗ ಅವಳಿಗೇ ಸಣ್ಣದೆನಿಸಿತು. ಚೀಲ ಎತ್ತಿಕೊಂಡು ಹೋಗಿ ಅದೇ ಬೆಂಚಿನ ತುದಿಯಲ್ಲಿ ಕುಳಿತಳು.

ಜುಲ್ನಾರ್ ಕಿಟಕಿಯಾಚೆ ನೋಡುತ್ತಿದ್ದಳು. ಹತ್ತಿರ ಬಾ ಅನ್ನಲಿಲ್ಲ. ಎದ್ದು ಹೋಗು ಅಂತಲೂ ಅನ್ನಲಿಲ್ಲ.