ಮೂರನೆಯ ಚೀಟಿ

ಹೆಸರಿಲ್ಲದ ಚೀಟಿ ಎಂದರೆ ಜಾಯ್ಸ್‌ಗೆ ಮೈಯೆಲ್ಲ ಉರಿ. ಅಂಥದ್ದರಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರವೇ ಅವಳ ಹಾಡಿನ ಪುಸ್ತಕದಿಂದ ಒಂದು ಚೀಟಿ ಜಾರಿ ಮಡಿಲಿಗೆ ಬಿತ್ತು. ಪೀಠದ ಬಳಿ ಫಾದರ್ ನಾಲ್ಕು ಮೇಣದ ಬತ್ತಿಗಳಲ್ಲಿ ಮೊದಲನೆಯದನ್ನು ಹಚ್ಚುತ್ತಿದ್ದರು. ಹಾಡುವ ಕಾಯರಿನವರೆಲ್ಲ ಎದ್ದು ನಿಂತಿದ್ದರು, ಇವಳೊಬ್ಬಳು ಕೂತಲ್ಲೇ ಕೂತು ಓದಿದಳು.

‘ಜೊಯ್ಸ್, ನಿಮ್ಮ ಸ್ಕೂಟರಿನ ಹಿಂದಿನ ಬ್ರೇಕ್ ಕಿರುಚುತ್ತಾ ಉಂಟು. ಸುರತ್ಕಲ್ ಹೈವೇಯಲ್ಲಿ ಲಾರಿಗಳು ಹೇಳಿ ಕೇಳಿ ಬರುವುದಿಲ್ಲ. ಇವತ್ತೇ ತೋರಿಸಿ. – ನಿಮ್ಮ ಗುಪ್ತ ಮಿತ್ರ.’

ಇದು ಆ ಇಗರ್ಜಿಯ ಯುವಜನರು ಪ್ರತಿ ವರ್ಷ ಆಡುವ ಆಟ. ಒಬ್ಬರ ಹೆಸರು ಇನ್ನೊಬ್ಬರು ಎತ್ತುವುದು, ನಾಲ್ಕು ವಾರ ಕದ್ದು ಮುಚ್ಚಿ ಅವರಿಗೆ ಏನಾದರೂ ಒಳ್ಳೆಯದು ಮಾಡುವುದು, ನಾಲ್ಕನೆಯ ಭಾನುವಾರ ಸಭಾಂಗಣದಲ್ಲಿ ಎದ್ದು ನಿಂತು ‘ನಾನೇ’ ಎನ್ನುವುದು. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಜಾಯ್ಸ್‌ಗೆ ನಗು ಬರಲಿಲ್ಲ. ಅವಳ ಕಣ್ಣು ಆ ಹೆಸರಿನ ಮೇಲೇ ನೆಟ್ಟಿತ್ತು.

ಜ್ಞಾನಸ್ನಾನದ ಸರ್ಟಿಫಿಕೇಟಿನಿಂದ ರೇಶನ್ ಕಾರ್ಡಿನವರೆಗೆ ಅವಳು ‘ಜಾಯ್ಸ್’. ‘ಜೊಯ್ಸ್’ ಎಂದು ಈ ಮೊದಲು ಒಬ್ಬರೇ ಬರೆದಿದ್ದರು, ಒಂದೇ ಸಲ ಬರೆದಿದ್ದರು. ಅವಳ ಮದುವೆ ಮುರಿಯಲು ಆ ಒಂದು ಸಲವೇ ಸಾಕಾಗಿತ್ತು.

ಮೂರು ವರ್ಷದ ಹಿಂದಿನ ಮಾತು. ಮಸ್ಕತ್‌ನಲ್ಲಿದ್ದ ರೋಯ್ಡನ್ ಎಂಬವನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಇಗರ್ಜಿಯಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ವಧೂವರರ ಹೆಸರಿನ ಚೀಟಿ ಓದುತ್ತಾರೆ. ಅಡ್ಡಿಯಿದ್ದವರು ಬಂದು ಹೇಳಬೇಕು ಎನ್ನುತ್ತಾರೆ. ಯಾರೂ ಹೇಳುವುದಿಲ್ಲ. ಜಾಯ್ಸ್‌ದು ಎರಡು ಸಲ ಓದಿ ಆಗಿತ್ತು. ಆಗ ಅಂದಿನ ಫಾದರಿಗೆ ಅಂಚೆಯಲ್ಲಿ ಒಂದು ಕಾಗದ ಬಂತು: ‘ಜೊಯ್ಸ್ ಮತ್ತು ರೋಯ್ಡನ್ ಮದುವೆಗೆ ಅಡ್ಡಿ ಉಂಟು. ಮೂರನೆಯ ಚೀಟಿಗೆ ಮೊದಲು ವಿಚಾರಿಸಿ.’ ಅಷ್ಟೇ. ಸಹಿ ಇಲ್ಲ.

ಫಾದರ್ ವಿಚಾರಿಸಲು ಹೊರಟದ್ದೇ ತಡ, ಹುಡುಗನ ಮನೆಯವರಿಗೆ ಅವಮಾನವಾಯಿತಂತೆ. ಸಂಬಂಧವೇ ಬೇಡ ಎಂದರು. ಹೋಗುವಾಗ ಸುಮ್ಮನೆ ಹೋಗಲಿಲ್ಲ; ‘ಹುಡುಗಿಗೆ ಮೊದಲೇ ಯಾರೋ ಇದ್ದನಂತೆ’ ಎಂದು ನಾಲ್ಕು ಕಡೆ ಬಿತ್ತಿ ಹೋದರು. ಫಾದರ್ ಕೈಗಿತ್ತ ಆ ಕಾಗದವನ್ನು ಪಪ್ಪಾ ಬೈಬಲಿನೊಳಗೆ ಇಟ್ಟರು, ಮರುವರ್ಷ ತೀರಿಕೊಂಡರು. ಊರ ಬಾಯಿಯಲ್ಲಿ ಅವಳು ‘ಎರಡು ಚೀಟಿಯ ಜಾಯ್ಸ್’ ಆಗಿ ಉಳಿದಳು.

ಆ ಭಾನುವಾರ ಮನೆಗೆ ಬಂದವಳೇ ಬೈಬಲು ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಹೆಸರು, ಅದೇ ಅಕ್ಷರ. ‘ಸ’ ಒತ್ತಿಗೆ ಮೀನಿನ ಬಾಲದ ಹಾಗೆ ಅದೇ ಎಳೆತ.

“ನನ್ನ ಮದುವೆ ತಿಂದವನು ಈಗ ನನ್ನ ಬ್ರೇಕಿನ ಚಿಂತೆ ಮಾಡ್ತಾನೆ,” ಎಂದು ಮರುದಿನ ಕನ್ನಡಕದ ಅಂಗಡಿಯಲ್ಲಿ ಅವಳು ನಾಝಿಮಾಳಿಗೆ ಹೇಳಿದಳು. ಇಬ್ಬರೂ ಅಲ್ಲಿ ಒಟ್ಟಿಗೆ ಕೆಲಸ ಮಾಡುವವರು.

“ಬ್ರೇಕ್ ತೋರಿಸಿದ್ಯಾ?”

“ಇಲ್ಲ. ಅವನು ಹೇಳಿದ್ದಕ್ಕೇ ತೋರಿಸುವುದಿಲ್ಲ.”

“ಆಯ್ತು ಮಾರಾಯ್ತಿ, ಲಾರಿ ಅಡಿಗೆ ಬಿದ್ದು ಅವನಿಗೆ ಬುದ್ಧಿ ಕಲಿಸು,” ಎಂದಳು ನಾಝಿಮಾ.

ಎರಡನೆಯ ವಾರ ಪುಸ್ತಕದೊಳಗೆ ಜ್ಯೇಷ್ಠಮಧುವಿನ ಪೊಟ್ಟಣ. ‘ಜೊಯ್ಸ್, ನಿಮ್ಮ ಸ್ವರ ಮೇಲೆ ಹೋಗುವಾಗ ಕೆಮ್ಮು ಬರ್ತಾ ಉಂಟು. ಕ್ರಿಸ್ಮಸ್‌ಗೆ ನೀವು ಹಾಡದಿದ್ದರೆ ಹೇಗೆ?’ ಜಾಯ್ಸ್ ಅದನ್ನು ಬಾಯಿಗೆ ಹಾಕಲಿಲ್ಲ. ನಾಝಿಮಾ ಒಂದು ತುಂಡು ಮುರಿದು ಆರಾಮಾಗಿ ಜಗಿದಳು. “ವಿಷ ಇದ್ರೆ ನಾನು ಮೊದಲು ಸಾಯ್ತೇನೆ. ನೀನು ಪೊಲೀಸರಿಗೆ ಹೇಳು,” ಎಂದಳು.

ಸಂಶಯದ ಕಣ್ಣಿಗೆ ಕಂಡವರೆಲ್ಲ ಕಳ್ಳರೇ. ಕೆಮ್ಮು ಕೇಳಬೇಕಾದರೆ ಕಾಯರಿನ ಹತ್ತಿರದವನೇ ಇರಬೇಕು ಎಂದು ಜಾಯ್ಸ್ ಲೆಕ್ಕ ಹಾಕಿದಳು. ಗೋದಲಿ ಕಟ್ಟುವ ಕೆಲಸಕ್ಕೆ ಯಾರು ಯಾವ ದಿನ ಬರುತ್ತೀರಿ ಎಂದು ಒಂದು ಹಾಳೆ ಹಿಡಿದು, ಎಲ್ಲರ ಕೈಯಲ್ಲೂ ಬರೆಸಿದಳು. ಬಾಲಯೇಸು ಹುಟ್ಟುವ ಆ ಕೊಟ್ಟಿಗೆಯನ್ನು ಕಟ್ಟಲು ಅವಳಿಗೆ ಅಷ್ಟೊಂದು ಉತ್ಸಾಹ ಎಲ್ಲಿಂದ ಬಂತು ಎಂದು ಗುರ್ಕಾರರ ಹೆಂಡತಿ ಕಾರ್ಮಿನ್ ಬಾಯಿಯವರಿಗೆ ಆಶ್ಚರ್ಯ. ಗುರ್ಕಾರ್ ಎಂದರೆ ಆ ವಾರ್ಡಿನ ಮನೆಗಳ ಮುಖಂಡ. ವಾರ್ಡಿನ ಸುದ್ದಿಗಳ ಮುಖಂಡತ್ವ ಮಾತ್ರ ಹೆಂಡತಿಯದ್ದು.

ಹನ್ನೊಂದು ಜನ ಬರೆದರು. ಒಬ್ಬನ ‘ಸ’ಕ್ಕೂ ಬಾಲ ಇರಲಿಲ್ಲ. ಹನ್ನೆರಡನೆಯವನು ಪೆನ್ನು ಮುಟ್ಟಲೇ ಇಲ್ಲ.

“ನನ್ನ ಕನ್ನಡ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ವಾಟ್ಸಾಪ್ ಮಾಡ್ತೇನೆ,” ಎಂದ.

ಅವನು ಗ್ಲಾನಿಶ್ ಸಿಕ್ವೇರ. ಮುಂಬೈಯಲ್ಲಿ ಬೆಳೆದು, ಎಲ್ಲೆಲ್ಲೋ ದುಡಿದು, ಆಗಸ್ಟಿನಲ್ಲಿ ಕಾಟಿಪಳ್ಳಕ್ಕೆ ಬಂದು ರೂಮು ಹಿಡಿದವನು. ರಿಫೈನರಿಯ ಹತ್ತಿರದ ಒಂದು ಕಂಪನಿಯಲ್ಲಿ ಟೆಕ್ನೀಷಿಯನ್. ಕಾಯರಿನಲ್ಲಿ ಅವಳ ಹಿಂದಿನ ಸಾಲಿನಲ್ಲಿ ನಿಂತು ಕೆಳಗಿನ ಸ್ವರ ಹಾಡುತ್ತಿದ್ದ. ಆ ಸ್ವರ ಬೆನ್ನಿಗೆ ತಾಗಿದಂತಾಗಿ ಜಾಯ್ಸ್ ನಾಲ್ಕು ತಿಂಗಳಲ್ಲಿ ಎಷ್ಟೋ ಸಲ ಸಾಲು ಮರೆತಿದ್ದಳು. ಇದನ್ನು ನಾಝಿಮಾಳಿಗೂ ಹೇಳಿರಲಿಲ್ಲ. ದೇವರೇ, ಇವನಾಗದಿರಲಿ ಎಂದು ಅವಳು ನಿಜವಾಗಿಯೂ ಬೇಡಿಕೊಂಡಳು.

ಬೇಡಿಕೊಂಡವಳು ಕಾವಲು ಮಾತ್ರ ಬಿಡಲಿಲ್ಲ. ಗೋದಲಿಯ ಹೊಲಕ್ಕೆಂದು ಕರಟಗಳಲ್ಲಿ ರಾಗಿ ಬಿತ್ತುವಾಗ ಅವನ ಎದುರಿಗೇ ಕೂತಳು.

“ಇಷ್ಟು ದಟ್ಟ ಹಾಕಿದ್ರೆ ಗೊಂಬೆ ಕುರಿಗಳಿಗೆ ನಿಲ್ಲಲಿಕ್ಕೆ ಜಾಗ ಎಲ್ಲುಂಟು?” ಎಂದು ಅವನು ಕೇಳಿದ.

“ಕುರಿಗಳ ಚಿಂತೆ ನಿಮಗೆ ಯಾಕೆ? ಕೆಲವರು ಕುರಿಯ ಹಾಗೆ ಕಾಣ್ತಾರೆ ಅಷ್ಟೆ.”

ಅವನು ತಲೆಯೆತ್ತಿ ನೋಡಿದ. ಹುಬ್ಬಿನ ಮೇಲೆ ಮಣ್ಣು ತಾಗಿತ್ತು. ಅವಳ ಬೆರಳು ಅದನ್ನು ಒರೆಸಲು ಹೊರಟು, ಬುದ್ಧಿ ಬಂದು, ರಾಗಿಯ ಚೀಲಕ್ಕೆ ಹೋಯಿತು.

“ನನ್ನನ್ನು ನೀವು ಪರೀಕ್ಷೆ ಹಾಲಿನ ಟೀಚರ್ ಹಾಗೆ ನೋಡ್ತಾ ಇದ್ದೀರಿ,” ಎಂದ ಅವನು, ಮೆಲ್ಲಗೆ ನಕ್ಕು.

“ಕಾಪಿ ಹೊಡೆದವರಿಗೆ ಮಾತ್ರ ಹಾಗೆ ಕಾಣುವುದು.”

ಅವನ ನಗು ಅಲ್ಲೇ ಆರಿತು. ಅದನ್ನೂ ಅವಳು ಗಮನಿಸಿದಳು.

ಮೂರನೆಯ ಭಾನುವಾರ ಗುಲಾಬಿ ಬಣ್ಣದ ಬತ್ತಿ ಹಚ್ಚುವ ದಿನ, ಸಂತೋಷದ ಭಾನುವಾರ. ಪೂಜೆ ಮುಗಿದ ಮೇಲೆ ಗೋದಲಿ ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ರಾಗಿ ಹಸಿರಾಗಿ ಎದ್ದಿತ್ತು. ಕಾರ್ಮಿನ್ ಬಾಯಿ ಒಂದು ರಟ್ಟು, ಬ್ರಶ್ಶು ತಂದು ಗ್ಲಾನಿಶನ ಕೈಗೆ ತುರುಕಿದರು. “ಕೆಲಸ ಮಾಡಿದವರ ಹೆಸರು ಬರಿ ಮಗಾ. ಬೇಗ, ಬೇಗ. ಉಳಿದವರೆಲ್ಲ ಕಾಫಿಗೆ ಓಡಿದ್ದಾರೆ,” ಎಂದು ಹೇಳಿ ತಾವೂ ಓಡಿದರು.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವನು ಬರೆಯತೊಡಗಿದ. ಜಾಯ್ಸ್ ಅವನ ಹಿಂದೆ ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಏಳನೆಯ ಹೆಸರಿಗೆ ಬ್ರಶ್ಶು ಒಂದು ಗಳಿಗೆ ನಿಂತು, ಮತ್ತೆ ಬಾಗಿ ಬರೆಯಿತು: ಜೊಯ್ಸ್. ‘ಸ’ಕ್ಕೆ ಬಾಲ.

“ನನ್ನ ಹೆಸರಿನ ‘ಜಾ’ ಹೋಗಿ ‘ಜೊ’ ಆಯ್ತು,” ಎಂದಳು ಅವಳು. “ಮೂರು ವರ್ಷದ ಹಿಂದೆಯೂ ಹಾಗೇ ಆಗಿತ್ತು.”

ಬ್ರಶ್ಶು ನೆಲಕ್ಕೆ ಬಿತ್ತು. ಅವನು ‘ಮೂರು ವರ್ಷದ ಹಿಂದೆ ಎಂತ’ ಎಂದು ಕೇಳಲಿಲ್ಲ, ‘ನಾನಲ್ಲ’ ಎನ್ನಲಿಲ್ಲ.

“ಹೌದು, ನಾನೇ ಬರೆದದ್ದು,” ಎಂದ. “ಮಸ್ಕತ್‌ನಲ್ಲಿ ರೋಯ್ಡನ್ ಮತ್ತೆ ನಾನು ಒಂದೇ ರೂಮಿನಲ್ಲಿದ್ದೆವು. ಅವನಿಗೆ ಅಲ್ಲೇ ಬೇರೆ ಮನೆಯಲ್ಲಿ ಹೆಂಡತಿ ಉಂಟು. ಮಗು ಉಂಟು. ಊರಲ್ಲಿ ಇನ್ನೊಂದು ಮದುವೆ ಅಂತ ಗೊತ್ತಾದಾಗ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಹೆಸರು ಕಿವಿಯಲ್ಲಿ ಕೇಳಿದ್ದೆ ಮಾತ್ರ. ಅಜ್ಜಿಯ ಕನ್ನಡ ಲಿಪಿಯ ಕೊಂಕಣಿ ಪ್ರಾರ್ಥನೆ ಪುಸ್ತಕ ನೋಡಿ ಅಕ್ಷರ ಕಲಿತವನು ನಾನು, ಕೇಳಿದ ಹಾಗೆ ಬರೆದೆ. ಈಗಲೂ ಕೈ ಹಾಗೇ ಹೋಗ್ತದೆ.”

“ಅವನಿಗೆ ಹೆಂಡತಿ ಉಂಟು ಅಂತಲೇ ಯಾಕೆ ಬರೆಯಲಿಲ್ಲ?”

“ಅವನ ಚಿಕ್ಕಪ್ಪ ನಮ್ಮ ಮ್ಯಾನೇಜರ್. ಹಾಗೆ ಬರೆದ್ರೆ ಯಾರು ಬರೆದದ್ದು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗ್ತಿತ್ತು. ಕೆಲಸ ಹೋಗ್ತಿತ್ತು. ಹೆದರಿದೆ, ಜಾಯ್ಸ್.”

“ಹೆದರಿದ್ದು ನೀವು. ತಲೆ ತಗ್ಗಿಸಿ ನಡೆದದ್ದು ನಾನು.” ಅವಳು ಅಷ್ಟಕ್ಕೇ ಬಿಡಲಿಲ್ಲ. “ಅಡ್ಡಿ ಯಾರದ್ದು ಅಂತ ಬರೆಯದೆ ಬಿಟ್ರಲ್ಲ, ಊರು ಅದನ್ನು ನನ್ನ ತಲೆಗೆ ಕಟ್ಟಿತು. ನನ್ನ ಪಪ್ಪಾ ಅದೇ ಕೊರಗಲ್ಲಿ ಹೋದ್ರು.”

“ಗೊತ್ತಿರಲಿಲ್ಲ. ನಿಮಗೆ ಬೇರೆ ಕಡೆ ಮದುವೆಯಾಗಿ ಸುಖವಾಗಿರಬಹುದು ಅಂತಲೇ ಎಣಿಸಿದ್ದೆ. ಇಲ್ಲಿಗೆ ಬಂದ ಮೊದಲ ವಾರ ಹಿಂದಿನ ಬೆಂಚಿನಲ್ಲಿ ಯಾರೋ ‘ಎರಡು ಚೀಟಿಯ ಜಾಯ್ಸ್’ ಅಂದದ್ದು ಕೇಳಿತು. ಆ ದಿನದಿಂದ ಹೇಳಬೇಕು ಹೇಳಬೇಕು ಅಂತ...” ಅವನು ನೆಲ ನೋಡಿದ. “ಆಟದಲ್ಲಿ ನನಗೆ ಬಂದದ್ದು ಬೇರೆಯವರ ಹೆಸರು. ಕೈ ಮುಗಿದು ನಿಮ್ಮದಕ್ಕೆ ಬದಲಾಯಿಸಿಕೊಂಡೆ.”

“ಮತ್ತೆ ಹೆಸರಿಲ್ಲದ ಚೀಟಿ. ನಿಮಗೆ ಅದೊಂದೇ ಗೊತ್ತಿರುವುದು.” ಅವಳು ತಿರುಗಿ ನಡೆದಳು. “ನನ್ನ ಕಿವಿಯಲ್ಲಿ ಹೇಳಿ ಎಂತ ಪ್ರಯೋಜನ? ನನ್ನ ಬಗ್ಗೆ ಮಾತಾಡಿದ್ದು ಊರು. ಕೇಳಬೇಕಾದದ್ದೂ ಊರು.”

ಬ್ರೇಕು ಕಿರುಚುತ್ತಲೇ ಅವಳ ಸ್ಕೂಟರು ಗೇಟು ದಾಟಿತು.

ಅಷ್ಟು ಕೇಳಿಯೂ ಸಂಶಯ ಹೋಯಿತೇ? ಇಲ್ಲ. ಸಿಕ್ಕಿಬಿದ್ದವನು ಕಥೆ ಕಟ್ಟುವುದು ಹೊಸದಲ್ಲ ಎಂದು ಅವಳು ಸೋಮವಾರ ನಾಝಿಮಾಳಿಗೆ ಎಲ್ಲ ಹೇಳಿದಳು. ನಾಝಿಮಾಳ ಅಣ್ಣ ಮಸ್ಕತ್‌ನಲ್ಲೇ ಇದ್ದ; ವಿಚಾರಿಸಿ ನೋಡಲು ಅವನಿಗೆ ಹೇಳಿದಳು. ಬುಧವಾರ ಮಧ್ಯಾಹ್ನ ಅಂಗಡಿಗೆ ಫೋನು ಬಂತು. ನಾಝಿಮಾ ಕೇಳಿಸಿಕೊಂಡು, ಫೋನಿಟ್ಟು, ಜಾಯ್ಸ್‌ಳ ಕೈ ಹಿಡಿದಳು.

“ಹೆಂಡತಿ ಉಂಟು. ಮಗುವಿಗೆ ಈಗ ಐದು ವರ್ಷ. ಈಗ ಅಣ್ಣನ ರೂಮಿನವರಿಗೆಲ್ಲ ಗೊತ್ತುಂಟಂತೆ.”

ಐದು ವರ್ಷ. ಹಾಗಾದರೆ ಆ ಎರಡು ಚೀಟಿ ಓದುವಾಗಲೇ ಮಗುವಿಗೆ ಎರಡಾಗಿತ್ತು. ಜಾಯ್ಸ್ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಅತ್ತಳು. ರೋಯ್ಡನ್‌ಗಾಗಿ ಅಲ್ಲ, ಬಾಯಿ ಬಿಡದೆ ಹೋದ ಪಪ್ಪನಿಗಾಗಿ.

“ಅವನು ಬರೆಯದಿದ್ರೆ ನೀನೀಗ ಯಾರ ಮನೆಯಲ್ಲಿ ಅಳ್ತಿದ್ದೆ, ಹೇಳು,” ಎಂದಳು ನಾಝಿಮಾ.

“ಅದು ನನಗೂ ಗೊತ್ತುಂಟು.”

“ಅವನು ಒಳ್ಳೆಯವನೇ.”

“ಒಳ್ಳೆಯವನೇ. ಹೇಡಿ.” ಜಾಯ್ಸ್ ಮೂಗು ಒರೆಸಿಕೊಂಡಳು. “ಹೇಡಿಯ ಜೊತೆ ಹಾಡಬಹುದು. ಬದುಕಲಿಕ್ಕಾಗುವುದಿಲ್ಲ.”

“ಬದುಕುವ ಮಾತು ಯಾರು ತೆಗೆದ್ರು?” ಎಂದು ನಾಝಿಮಾ ಹುಬ್ಬೇರಿಸಿದಳು. ಜಾಯ್ಸ್ ಕೆಂಪಾಗಿ ಕನ್ನಡಕಗಳ ಗಾಜು ಒರೆಸತೊಡಗಿದಳು. ಒರೆಸಿದ್ದನ್ನೇ ಎರಡು ಸಲ ಒರೆಸಿದಳು.

ನಾಲ್ಕನೆಯ ಭಾನುವಾರ ಸಂಜೆ ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಚಹಾ, ಚಕ್ಕುಲಿ, ಎಳ್ಳುಂಡೆ, ಕ್ರಿಸ್ಮಸ್ಸಿನ ತಿಂಡಿಗಳ ತಟ್ಟೆ. ಯುವಜನರು ಒಬ್ಬೊಬ್ಬರೇ ಎದ್ದು ‘ನಾನು ಇಂಥವರ ಗುಪ್ತ ಮಿತ್ರ’ ಎನ್ನುತ್ತಿದ್ದರು. ಕಿರುಚಾಟ, ಚಪ್ಪಾಳೆ. ಜಾಯ್ಸ್ ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದಳು. ಅವನು ಬರುವುದಿಲ್ಲ, ಬಂದರೂ ಹೇಳುವುದಿಲ್ಲ ಎಂದು ತನಗೆ ತಾನೇ ಪಂದ್ಯ ಕಟ್ಟಿದ್ದಳು. ಸೋತರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದಳು.

ಗ್ಲಾನಿಶ್ ಮೈಕಿನ ಮುಂದೆ ಬಂದ. ಕೈಯಲ್ಲಿ ಒಂದು ಕಾಗದವಿತ್ತು.

“ನಾನು ಜಾಯ್ಸ್ ಅವರ ಗುಪ್ತ ಮಿತ್ರ. ನಾಲ್ಕು ವಾರದಿಂದ ಅಲ್ಲ, ಮೂರು ವರ್ಷದಿಂದ.”

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಅವನು ಎಲ್ಲವನ್ನೂ ಹೇಳಿದ. ಮಸ್ಕತ್ತಿನ ರೂಮು, ರೋಯ್ಡನ್‌ನ ಹೆಂಡತಿ, ಮಗು, ಅಂಚೆಗೆ ಹಾಕಿದ ಕಾಗದ, ತನ್ನ ಹೆದರಿಕೆ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. “ಅಡ್ಡಿ ಇದ್ದದ್ದು ಹುಡುಗನಲ್ಲಿ. ಹುಡುಗಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಅದನ್ನು ಅವತ್ತೇ ಬರೆಯದೆ ಇದ್ದದ್ದು ನನ್ನ ಪಾಪ. ಫಾದರ್, ಇವತ್ತು ಪೂರ್ತಿ ಬರೆದು ತಂದಿದ್ದೇನೆ. ಅಡಿಯಲ್ಲಿ ಸಹಿ ಉಂಟು, ಫೋನ್ ನಂಬರ್ ಉಂಟು. ಯಾರಿಗೆ ಬೈಯಲಿಕ್ಕುಂಟೋ ನನಗೆ ಬೈಯಬಹುದು.”

ಫಾದರ್ ಕಾಗದ ತೆಗೆದುಕೊಂಡು ಓದಿದರು. ಮೊದಲು ಬಾಯಿ ತೆರೆದದ್ದು ಕಾರ್ಮಿನ್ ಬಾಯಿ. “ದೇವಾ... ನಾವು ಇಷ್ಟು ವರ್ಷ ಆ ಹುಡುಗಿಗೇ ಹೇಳಿದ್ದಲ್ವಾ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಲ್ಲರೂ ಹಿಂತಿರುಗಿ ಜಾಯ್ಸ್‌ಳನ್ನು ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಅವಳು ತಲೆ ತಗ್ಗಿಸಲಿಲ್ಲ.

ಗ್ಲಾನಿಶ್ ಮಾತ್ರ ಅವಳ ಕಡೆ ನೋಡುವ ಧೈರ್ಯ ಮಾಡದೆ ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಗೋದಲಿಯ ಮುಂದೆ ಕೂತು, ಉದ್ದವಾಗಿ ವಾಲಿದ ರಾಗಿ ಪೈರನ್ನು ಕತ್ತರಿಯಿಂದ ಸಮ ಮಾಡತೊಡಗಿದ. ಕುರಿಗಳು ಮುಳುಗಿಹೋಗಿದ್ದವು. ಇನ್ನು ಈ ಇಗರ್ಜಿಯಲ್ಲಿ ತನಗೇನೂ ಉಳಿದಿಲ್ಲ, ಕ್ರಿಸ್ಮಸ್ ಕಳೆದರೆ ಬೇರೆ ರೂಮು ನೋಡಬೇಕು ಎಂದು ಅವನು ಆಗಲೇ ಮನಸ್ಸಿನಲ್ಲಿ ಸಾಮಾನು ಕಟ್ಟುತ್ತಿದ್ದ. ಇದನ್ನು ಅವನು ಎಷ್ಟೋ ದಿನದ ಮೇಲೆ ಜಾಯ್ಸ್‌ಗೆ ಹೇಳಿದ.

ಅವನ ಹಾಡಿನ ಪುಸ್ತಕ ಪಕ್ಕದ ಕಲ್ಲಿನ ಮೇಲಿತ್ತು. ಜಾಯ್ಸ್ ಹಿಂದಿನಿಂದ ಬಂದು, ಅದರೊಳಗೆ ಒಂದು ಚೀಟಿ ಇಟ್ಟು, ಸ್ಕೂಟರಿನ ಕಡೆ ನಡೆದಳು. ಸ್ಕೂಟರು ಅಂಗಳದಲ್ಲಿ ಒಂದು ಸುತ್ತು ಹೊಡೆದು ಗೇಟಿನ ಬಳಿ ನಿಂತಿತು. ಬ್ರೇಕಿನ ಸದ್ದೇ ಆಗಲಿಲ್ಲ. ಅವನು ತಲೆಯೆತ್ತಿದ. ಅವಳು ಹೆಲ್ಮೆಟ್ಟು ಹಾಕದೆ ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದಳು.

ಅವನು ಮಣ್ಣಿನ ಕೈಯಲ್ಲೇ ಚೀಟಿ ಬಿಡಿಸಿದ.

‘ಬ್ರೇಕ್ ರಿಪೇರಿ ಆಯ್ತು. ಇನ್ನು ನನ್ನ ಹೆಸರು ಸರಿಯಾಗಿ ಬರೆಯಲು ಕಲಿ. ಹೊಸ ವರ್ಷದಲ್ಲಿ ಫಾದರ್ ಅದನ್ನು ನಿನ್ನ ಹೆಸರಿನ ಜೊತೆ ಮೂರು ಸಲ ಓದಬೇಕಾದೀತು.’

ಅಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಅವಳ ಸಹಿ ಇತ್ತು.